ಅಕ್ಕಿಗೊಂದು ಹಕಾರ

ಅಲೋ, ಅಲೋ, ಮೈಕ್ ಟೆಸ್ಟು, ಒನ್ ಟೂ ತ್ರೀ, ಅಲೋ — ಲೋಕೇಶನ ದನಿ ಕಬ್ಬಿನ ಗದ್ದೆ ಮೇಲೆ ಹಾದು ನಾಲೆ ಏರಿಗೆ ಬಡಿದು ಹಿಂದಕ್ಕೆ ಬಂತು, ಹೋಗುವಾಗಲೂ ಅದರಲ್ಲಿ ಹಕಾರ ಇರಲಿಲ್ಲ, ಬರುವಾಗಲೂ ಇಲ್ಲ, ಬೇರೆ ದಿನವಾಗಿದ್ದರೆ ಯಶೋಧರಾ ನಕ್ಕುಬಿಡುತ್ತಿದ್ದಳು, ಇವತ್ತು ಸ್ಟೂಲಿನ ಮೇಲೆ ನಿಂತು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾ ಇದ್ದಾಳೆ, ದಾರದ ಗಂಟು ನಿಲ್ಲುತ್ತಿಲ್ಲ, ಕಟ್ಟಿದಷ್ಟೂ ಜಾರುತ್ತೆ, ಥೂ ಇದರ — ಮೇಡಮ್ಮೋರೆ ಇಳೀರಿ ನಾ ಕಟ್ತೀನಿ, ಬೇಡ ಮಾದಮ್ಮ, ನೀನು ಪಾಯಸ ತಳ ಹಿಡೀದಂಗೆ ನೋಡ್ಕೊ ಸಾಕು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ದಿನ, ಮಕ್ಕಳಿಗೆ ಹಬ್ಬ ಅನ್ನಿಸಬೇಕು ಅಂತ ಮೇಲಿನವರ ಅಪ್ಪಣೆ, ಕ್ಯಾತನಹಳ್ಳಿ ರಸ್ತೆ ಪಕ್ಕದ ಈ ಕೊಪ್ಪಲಿನ ಪ್ರೈಮರಿ ಶಾಲೆಗೆ ಹೆಡ್ಮಿಸ್ಸೂ ಅವಳೇ, ಮಿಸ್ಸೂ ಅವಳೇ, ಗಂಟೆ ಹೊಡೆಯೋಳೂ ಅವಳೇ, ತೋರಣಕ್ಕೆ ಇನ್ಯಾರು ಬರಬೇಕು, ಕಟ್ಟು, ಕಟ್ಟು, ಹಿಂದೆ ತಿರುಗಿ ನೋಡಬೇಡ, ಹಿಂದೆ ಜಗಲಿ ಮೇಲೆ ಅವಳದೇ ಕುರ್ಚಿಯಲ್ಲಿ ಮಗಳು ಚಿನ್ನು ಕೂತಿದ್ದಾಳೆ, ನೆಲಕ್ಕೆ ಎಟುಕದ ಕಾಲಲ್ಲಿ ಕರೀ ಬೂಟು, ಮೊಣಕಾಲ ತನಕ ಬಿಳೀ ಸಾಕ್ಸು, ಸೊಂಟಕ್ಕೆ ಬೆಲ್ಟು, ಕತ್ತಿಗೆ ಕೆಂಪು ಪಟ್ಟೆಯ ಟೈ — ಸರ್ಕಾರಿ ಶಾಲೆಯ ಹಬ್ಬದಲ್ಲಿ ಸರ್ಕಾರಿ ಮಿಸ್ಸಿನ ಕುರ್ಚಿ ಮೇಲೆ ಪಾಂಡವಪುರದ ಕಾನ್ವೆಂಟಿನ ಟೈ, ರಂಗೋಲಿ ಹಾಕುತ್ತಿರುವ ಹೆಂಗಸರು ಚುಕ್ಕಿ ಇಟ್ಟು ಒಂದು ಸಲ, ಗೆರೆ ಎಳೆದು ಒಂದು ಸಲ ಅದನ್ನೇ ನೋಡ್ತಾವ್ರೆ. ಕೇಳಲಿ, ಬಾಯಿಬಿಟ್ಟು ಕೇಳಿಬಿಟ್ಟರೆ ಒಳ್ಳೆಯದು, ಕೇಳದೆ ನೋಡುವುದೇ ಕಷ್ಟ. ಕಾನ್ವೆಂಟಿನ ವ್ಯಾನು ಬರುತ್ತೆ, ಇದೇ ಗೇಟಿನ ಮುಂದೆ ನಿಲ್ಲುತ್ತೆ, ಅಷ್ಟರೊಳಗೆ ಏನಾದರೂ ತೀರ್ಮಾನ ಮಾಡಬೇಕು, ಮಾಡಾಗಿದೆಯಲ್ಲ, ಗಂಡ ಮಹದೇವಸ್ವಾಮಿ ಮಾಡಾಗಿದೆ, ನಸುಕಿನಲ್ಲೇ ಕೆ.ಆರ್. ಪೇಟೆ ಡಿಪೋಗೆ ಹೊರಡುವಾಗ ಟಿಕೆಟ್ ಮಿಷನ್ನಿನ ಚೀಲ ಹೆಗಲಿಗೆ ಏರಿಸಿಕೊಂಡು ಹೇಳಿ ಹೋದ, ವ್ಯಾನು ಕೊಪ್ಪಲ ಸ್ಕೂಲ್ ತಾವ್ಲೇ ಬತ್ತದೆ ಯಶೂ, ಅಲ್ಲೇ ಅತ್ತಿಸ್ಬುಡು. ಸರಿ ಕಣ್ರೀ ಅಂದಿದ್ದಳು, ಅಂದದ್ದು ಅವಳೇ.

ಸರಿ ಅನ್ನೋ ಮಾತು ಅವಳ ಬಾಯಲ್ಲಿ ಅಗ್ಗವಾಗಿ ಹೋಗಿದೆ, ಆ ಕಡೆಯವರಿಗೂ ಸರಿ, ಈ ಕಡೆಯವರಿಗೂ ಸರಿ. ಬೈರಮ್ಮನಿಗೂ ಹೀಗೇ ಅಂದಿದ್ದಳಲ್ಲ, ಏಪ್ರಿಲ್ ಬಿಸಿಲಲ್ಲಿ ಮನೆ ಮನೆ ತಿರುಗುವಾಗ, ಸೆರಗು ತಲೆ ಮೇಲೆ ಹಾಕಿಕೊಂಡು, ಮಕ್ಕಳನ್ನ ನಮ್ಮ ಶಾಲೆಗೇ ಕಳಿಸಿ, ಪುಸ್ತಕ ಕೊಡ್ತೀವಿ, ಬಟ್ಟೆ ಕೊಡ್ತೀವಿ, ಮೊಟ್ಟೆ ಕೊಡ್ತೀವಿ, ಹಾಲು — ಹಾಲು ಅನ್ನುವಾಗ ಎಷ್ಟು ಜೋಪಾನ, ಹಾ, ಎದೆಯಿಂದ ಗಾಳಿ ತೆಗೆದು, ಊರವರಿಗೆ ಕೇಳಿಸದ ಗಾಳಿ, ಅವರು ಅಂದದ್ದು ಆಲು ನಮ್ ಅಸನೇ ಕೊಡ್ತದೆ ಬುಡಿ ಮಿಸ್ಸೇ ಅಂತ — ಬೈರಮ್ಮ ಕೊಟ್ಟಿಗೆ ಬಾಗಿಲಲ್ಲಿ ಸಗಣಿ ಕೈಯಲ್ಲೇ ನಿಂತು ಎಲ್ಲಾ ಕೇಳಿಸಿಕೊಂಡಿತು, ಆ ಮುದುಕಿಗೆ ತಲೆ ಅಲ್ಲಾಡಿಸುವ ಅಭ್ಯಾಸವೇ ಇಲ್ಲ, ಕೇಳಿಸಿಕೊಂಡು ಕೇಳಿಸಿಕೊಂಡು ಕೊನೆಗೆ ಒಂದೇ ಮಾತು, ಎಲ್ಲಾ ಸರಿ ಕಣವ್ವ, ನಿಮ್ ಕೂಸು ಎಲ್ ಓದದು? ಮೊಮ್ಮಗ ದಿಲೀಪ ಅಜ್ಜಿ ಸೀರೆ ಹಿಡಿದು ನಿಂತಿದ್ದ, ಅವನ ಅಪ್ಪ ವ್ಯಾನಿಗೆ ಹಾಕ್ತೀನಿ ಅಂತ ಹಟ ಹಿಡಿದಿದ್ದ, ಮುದುಕಿ ಇಲ್ಲೇ ಇರಲಿ ಅಂತಿತ್ತು, ತಕ್ಕಡಿ ಮಧ್ಯದ ಮುಳ್ಳಿನಂಗೆ ಆ ಮಾತು, ನಿಮ್ ಕೂಸು ಎಲ್ ಓದದು? ಇಲ್ಲೇ ಕಣವ್ವ, ನನ್ನ ಜೊತೇಲೇ. ಬಾಯಿಂದ ಬಂದೇಬಿಟ್ಟಿತು. ಸುಳ್ಳಾಗಿರಲಿಲ್ಲ ಆಗ, ಆಗ ಅವಳು ನಿಜವಾಗಲೂ ಹಾಗೇ ಅಂದುಕೊಂಡಿದ್ದಳು, ಸ್ಕೂಟರಿನ ಮುಂದೆ ಚಿನ್ನು ನಿಂತಿರುತ್ತೆ, ಇಬ್ಬರೂ ಒಟ್ಟಿಗೆ ಬರುತ್ತೀವಿ, ಒಟ್ಟಿಗೆ ಹೋಗುತ್ತೀವಿ, ಅಷ್ಟು ಸಲೀಸು. ಅಂಗಾರೆ ಸರಿ, ನಮ್ ದಿಲೀಪನ್ನೂ ಬರ್ಕೊಳಿ, ನೀವ್ ಯೋಳಿದ್ಮೇಲೆ ಇನ್ನೇನು. ಒಂದು ಮಾತಿಗೆ ಒಂದು ಮಗು ಕೊಟ್ಟಿತು ಮುದುಕಿ, ಮಗನ ಜೊತೆ ಜಗಳ ಆಡಿಕೊಂಡು ಕೊಟ್ಟಿತು. ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಅಂದಂಗೆ ಈಗ ಇವಳ ಮಗಳಿಗೆ ಮಾತ್ರ ಟೈ. ಗಂಟು ಕೊನೆಗೂ ನಿಂತಿತು, ಸ್ಟೂಲಿನಿಂದ ಇಳಿದಳು.

ಅವನನ್ನ ಬೈಯೋಕೂ ಆಗಲ್ಲವಲ್ಲ, ಅದೇ ಸಂಕಟ. ಮಹದೇವಸ್ವಾಮಿ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು, ಜಗಳ ಆಡಿ ಗೆಲ್ಲಬಹುದಿತ್ತು. ಬಸ್ಸು ತುಂಬಿದಾಗ ಒಳಗೋಗಿ, ಒಳಗೋಗಿ ಸಾರ್, ಮುಂದುಕ್ಕೋಗಿ ಅಂತ ಕೂಗುತ್ತಾನೆ, ಒಂದಿನ ಯಾವನೋ ಜುಟ್ಟು ಬಿಟ್ಟ ಹುಡುಗ, ಮೇಲುಕೋಟೆ ನೋಡಲು ಬಂದವನು, ಕೂಗಿದ್ದನ್ನೆಲ್ಲ ಹಿಂದಿನ ಸೀಟಿಂದ ಹಾಗೇ ಅಣಕಿಸಿದನಂತೆ, ಓಗಿ ಓಗಿ, ಓ ಗೀ, ಅವನ ಜೊತೆಯವರೆಲ್ಲ ನಕ್ಕರಂತೆ, ಇವನು ಚಿಲ್ಲರೆ ಕೊಟ್ಟು ಮುಂದೆ ಹೋದನಂತೆ. ಹೇಳುವಾಗ ಇವನೂ ನಗುತ್ತಿದ್ದ, ಊಟ ಮಾತ್ರ ಅರ್ಧಕ್ಕೇ ಬಿಟ್ಟು ಕೈ ತೊಳೆದ. ನನ್ ಬಾಯಿ ನಂಗಿರ್ಲಿ ಯಶೂ, ಅವಳ್ಗೆ ಬ್ಯಾಡ. ಕನ್ನಡ ಕಲಿಸುವ ಮಿಸ್ಸಿಗೇ ಅಂದ ಮಾತು ಅದು. ಸುಮ್ಮನೆ ನೋಡಿಕೊಂಡು ಬರೋಣ ನಡೀರಿ ಅಂತ ಕಾನ್ವೆಂಟಿಗೆ ಹೋದದ್ದೇ ತಪ್ಪು, ನೋಡಿಕೊಂಡು ಬರೋಕೆ ಹೋದವರು ಸೀಟು ತಗೊಂಡು ಬಂದರು, ತಂಪು ರೂಮು, ಗೋಡೆ ತುಂಬ ಬಣ್ಣದ ಚಿತ್ರ, ಅಲ್ಲಿನ ಮಿಸ್ಸು ಎಲ್ಲಿಯವಳೋ ಏನೋ, ಈ ಕಡೆಯವಳಲ್ಲ, ಚಿಕ್ಕ ಹುಡುಗಿ, ಒಂದೊಂದೇ ಕಾರ್ಡು ಎತ್ತಿ ತೋರಿಸಿದಳು, ಎಲಿಫೆಂಟ್ ಅಂದಳು ಚಿನ್ನು, ಬಾಲ್ ಅಂದಳು, ಗುಡ್, ವೆರಿ ಗುಡ್, ಇದನ್ನ ಕನ್ನಡದಲ್ಲಿ ಹೇಳು ಪುಟ್ಟ, ಕಾರ್ಡಿನಲ್ಲಿ ಹಸಿರು ರೆಕ್ಕೆ, ಕೆಂಪು ಕೊಕ್ಕು, ಚಿನ್ನು ಖುಷಿಯಾಗಿ, ಕಿರುಚಿದಂಗೆ, ಅಕ್ಕಿ! ಅಕ್ಕಿನಾ? ಅನ್ನ ಮಾಡ್ತಾರಲ್ಲ, ಆ ಅಕ್ಕಿನಾ? ಅಕ್ಕಿ ಹಾರುತ್ತೇನೋ ಪುಟ್ಟಾ — ಪಕ್ಕದ ಮೇಜಿನವಳ ಕಡೆ ತಿರುಗಿ ನಕ್ಕಳು, ಕೆಟ್ಟ ನಗುವಲ್ಲ, ಮುದ್ದಿನ ನಗು, ಅದಕ್ಕೇ ಅದು ನೆಟ್ಟಗೆ ಒಳಗೆ ಹೋಯಿತು, ಚಿನ್ನುಗೂ ಏನೂ ಗೊತ್ತಾಗದೆ ಅವರ ಜೊತೆ ಸೇರಿ ನಕ್ಕಳು, ಅಕ್ಕಿ ಆರ್ತದೆ ಅಂದಳು, ಅವರು ಇನ್ನೂ ಜೋರಾಗಿ ನಕ್ಕರು. ಮಹದೇವಸ್ವಾಮಿ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. ಮನೆ ಮುಂದೆ ಇಳಿದ ಮೇಲೆ ಕೇಳಿದ, ನೀನು ಮಿಸ್ಸಲ್ವಾ ಯಶೂ, ಅದೊಂದ್ ಅಕ್ಸರ ಕಲಿಸ್ಬಾರ್ದಾ.

ಅದೊಂದಕ್ಷರ! ಅದರ ಬೆಲೆ ಅವಳಿಗೆ ಗೊತ್ತು, ಅವನಿಗೇನು ಗೊತ್ತು. ಟ್ರೇನಿಂಗ್ ಕಾಲೇಜಿನ ವಾರ್ಷಿಕೋತ್ಸವ, ಅಪ್ಪ ಕುಳ್ಳಯ್ಯ ಹೊಸ ಪಂಚೆ ಉಟ್ಟು ಮೊದಲನೇ ಸಾಲಿನಲ್ಲೇ ಕೂತಿತ್ತು, ಮಗಳು ಸ್ವಾಗತ ಭಾಷಣ ಮಾಡ್ತಾಳೆ ಅಂತ, ಅವಳು ತಿಂಗಳಿಂದ ಹಕಾರ ತಿದ್ದಿ ತಿದ್ದಿ ನಾಲಿಗೆ ಹದ ಮಾಡಿಕೊಂಡಿದ್ದಳು, ಹಾಲು ಹಣ್ಣು ಹೂವು ಹೊಲ, ಎಲ್ಲೂ ತಪ್ಪಬಾರದು, ಮೈಕ್ ಮುಂದೆ ನಿಂತು ಎದೆ ತುಂಬ ಉಸಿರು ತಗೊಂಡು, ನೆರೆದಿರುವ ತಮಗೆಲ್ಲರಿಗೂ ಹಾದರದ ಸ್ವಾಗತ ಅಂದುಬಿಟ್ಟಳು. ಅಯ್ಯೋ ಶಿವನೇ. ಅರೆಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ, ಆಮೇಲೆ ಹಾಲ್ ಬಿದ್ದುಹೋಗುವಂಗೆ ನಗು, ಅಪ್ಪ ಒಂದು ಮಾತ್ರ ಚಪ್ಪಾಳೆ ತಟ್ಟುತ್ತಾ ಇತ್ತು, ಮಗಳು ಎಲ್ಲರನ್ನೂ ನಗಿಸಿದಳು ಅಂತ, ಅಪ್ಪನ ಕಿವಿಗೆ ಆದರವೂ ಒಂದೇ ಹಾದರವೂ ಒಂದೇ, ಪುಣ್ಯಾತ್ಮ. ಆಮೇಲೆ ಅವಳು ಆ ಪದದ ತಂಟೆಗೇ ಹೋಗಿಲ್ಲ, ಪ್ರೀತಿಯ ಸ್ವಾಗತ, ಹೃತ್ಪೂರ್ವಕ, ಬೇಡ ಬೇಡ ಅದೂ ಬೇಡ, ಪ್ರೀತಿಯ ಅಂದರೆ ಸಾಕು. ಮಜಾ ಏನು ಅಂದರೆ ಹಕಾರವನ್ನ ಪೂರ್ತಿ ಬಿಟ್ಟವರಿಗೆ ಈ ಆಪತ್ತೇ ಇಲ್ಲ, ಪೂರ್ತಿ ಇದ್ದವರಿಗೂ ಇಲ್ಲ, ಅರ್ಧ ಕಲಿತವರಿಗೆ ಮಾತ್ರ ಈ ಗುಂಡಿ, ಜೀವನಪೂರ್ತಿ ಪ್ರತಿ ಮಾತಿಗೆ ಮುಂಚೆ ಒಂದು ಸಲ ಕೆಳಗೆ ನೋಡಿಕೊಂಡು ಕಾಲಿಡಬೇಕು. ಇದೆಲ್ಲ ಗೊತ್ತಿದ್ದೂ ಕಲಿಸಲು ಕೂತಳಲ್ಲ, ಇಡೀ ಮೇ ತಿಂಗಳು, ಬೇರೆ ಮಕ್ಕಳು ಮಾವಿನಕಾಯಿಗೆ ಕಲ್ಲು ಹೊಡೆಯುವಾಗ, ಬಾ ಚಿನ್ನು ಇಲ್ಲಿ, ಅಂಗೈಯನ್ನ ಬಾಯಿ ಮುಂದೆ ಇಡು, ಅ ಅನ್ನು, ಗಾಳಿ ತಾಗ್ತಾ? ಇಲ್ಲ. ಈಗ ಹ ಅನ್ನು, ಬಿಸಿ ಗಾಳಿ ತಾಗಬೇಕು, ತಾಗ್ತಾ? ತಾಗ್ತು! ಆ ಪುಟ್ಟ ಅಂಗೈ, ಅದರ ಮೇಲೆ ಉಸಿರು, ಮಗುವಿಗೆ ಅದೊಂದು ಆಟ, ಹಕ್ಕಿ ತಾಗ್ತು, ಹಾಲು ತಾಗ್ತು, ಎರಡೇ ದಿನಕ್ಕೆ ಬಂದುಬಿಟ್ಟಿತು, ಎಂಥಾ ಚುರುಕು ಅಂತ ಹಿಗ್ಗಿದಳು, ಮೂರನೇ ದಿನ ಊಟಕ್ಕೆ ಕೂತು ಹನ್ನ ಬೇಡ ಅಂದಿತು. ಹನ್ನ. ಹಜ್ಜಿ ಮನೆಗೆ ಹೋಗೋಣ. ಹಪ್ಪ ಬಂದ್ರಾ? ಮಹದೇವಸ್ವಾಮಿ ಬಿದ್ದೂ ಬಿದ್ದೂ ನಕ್ಕ, ಅಪ್ಪನ್ನ ಅಪ್ಪಳ ಮಾಡ್ಬುಟ್ಲು ಕಣೇ ನಿನ್ ಮಗಳು. ಇಲ್ಲ ಚಿನ್ನು, ಅದಕ್ಕೆ ಹ ಬರಲ್ಲ, ಅಪ್ಪ ಅಂದರೆ ಅ. ಯಾಕೆ? ಯಾಕೆ ಅಂದರೆ ಏನು ಹೇಳೋದು, ಅದು ಹಂಗೇ. ಹಕ್ಕಿಗೆ ಬರುತ್ತೆ, ಅಪ್ಪಂಗೆ ಯಾಕೆ ಬರಲ್ಲ? ಅವತ್ತಿಂದ ಮಗು ಪ್ರತಿ ಮಾತಿಗೂ ಮೊದಲು ಅಂಗೈ ಎತ್ತುತ್ತೆ, ಪರೀಕ್ಷೆ ಮಾಡಿ ನೋಡುತ್ತೆ, ವಟವಟ ಅಂತಿದ್ದ ಬಾಯಿ, ಮಲಗಿದರೂ ಮಾತು ನಿಲ್ಲದ ಬಾಯಿ, ಈಗ ಮಾತಿಗೆ ಮಾತಿಗೆ ನಿಂತು ಯೋಚನೆ ಮಾಡುತ್ತೆ, ನೀರು ಬೇಕಾದರೆ ಲೋಟ ತೋರಿಸುತ್ತೆ. ರಾತ್ರಿ ತಬ್ಬಿಕೊಂಡು ಹಮ್ಮ ಅನ್ನುತ್ತೆ. ಕರೆದಾಗಲೆಲ್ಲ ಅವಳು ಓ ಅನ್ನುತ್ತಾಳೆ.

ಓ ಅಂದದ್ದು ಯಾರಿಗೆ, ಕರೆದದ್ದು ಲೋಕೇಶ, ಬನ್ನಿ ಮೇಡಂ, ಐಕ್ಳೆಲ್ಲ ಕುಂತವ್ರೆ, ಶುರು ಮಾಡ್ಬುಡವಾ. ಅವನು ಶಾಲಾ ಸಮಿತಿ ಅಧ್ಯಕ್ಷ, ಬಿಳೀ ಶರಟು ಇವತ್ತು ಮೈಗಿಂತ ಮುಂದೆ ಬಂದಿದೆ, ಚಾಪೆ ಮೇಲೆ ಹೊಸ ಮಕ್ಕಳು, ಒಂದು ಅಳುತ್ತಿದೆ, ಒಂದು ಅಳುವ ಮಗುವನ್ನ ನೋಡಿ ಅಳಬೇಕೋ ಬೇಡವೋ ಅಂತ ಯೋಚಿಸುತ್ತಿದೆ, ಪಾಯಸದ ಏಲಕ್ಕಿ ವಾಸನೆ, ಮಾವಿನ ಸೊಪ್ಪಿನ ವಾಸನೆ, ಬ್ಯಾಗಿನಲ್ಲಿ ಫೋನು ಗುರ್ ಅನ್ನುತ್ತಿದೆ, ಅವನೇ ಇರಬೇಕು, ಅತ್ತಿಸ್ದಾ ಅಂತ ಕೇಳಲು, ಎತ್ತಬೇಡ, ಎತ್ತಿದರೆ ಮತ್ತೆ ಸರಿ ಅಂದುಬಿಡುತ್ತೀಯ. ಬೈರಮ್ಮ ಬಂತು. ದಿಲೀಪನ ತಲೆಗೆ ಎಣ್ಣೆ ಬಳಿದು ಹಣೆಗೆ ವಿಭೂತಿ ಹಚ್ಚಿ ಕೈ ಹಿಡಿದುಕೊಂಡು ಬಂತು, ಗೇಟಿನಿಂದಲೇ ನಗುತ್ತಾ ಬಂದದ್ದು ಜಗಲಿ ಹತ್ತಿರ ಬಂದಾಗ ನಗು ನಿಂತಿತು, ಚಿನ್ನುವನ್ನ ಬೂಟಿನಿಂದ ಟೈ ತನಕ ಒಂದು ಸಲ ನೋಡಿತು. ಏನ್ ಮಿಸ್ಸೇ, ಕೂಸಿನ್ ಕತ್ಗೆ ಇದೇನ ಅಗ್ಗ ಬಿಗ್ದೀರಿ? ಯಶೋಧರಾ ನಗಲು ನೋಡಿದಳು. ವ್ಯಾನ್ಗಾ? ಅಂತ ಮೆತ್ತಗೆ ಕೇಳಿತು, ಬೇರೆಯವರಿಗೆ ಕೇಳಿಸದಂತೆ ಮೆತ್ತಗೆ, ಆ ಮರ್ಯಾದೆಗೇ ಅವಳು ಅರ್ಧ ಸತ್ತಳು, ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದಳು. ನಾವೇನೋ ನೀವ್ ಯೋಳಿದ್ರಲ್ಲ ಅಂತವ ಕರ್ಕಂಡ್ ಬಂದೊ, ಓಗ್ಲಿ ಬುಡಿ, ನಿಮ್ದೂ ಒಂದ್ ಆಸೆ ಅಲ್ವಾ. ಓಗ್ಲಿ ಬುಡಿ ಅಂದರೆ ಏನು, ಕ್ಷಮಿಸಿದೆ ಅಂತಲಾ, ಕೈಬಿಟ್ಟೆ ಅಂತಲಾ, ಮುದುಕಿ ಚಾಪೆ ಮೇಲೆ ಮೊಮ್ಮಗನನ್ನ ಕೂರಿಸಿತು, ಅವನ ಕೈ ಮಾತ್ರ ಬಿಡಲಿಲ್ಲ, ಎಬ್ಬಿಸಿಕೊಂಡು ಹೋಗುವವರ ಹಾಗೆ ಹಿಡಿದುಕೊಂಡೇ ನಿಂತಿತು. ಊರ ಸಮಸ್ತರಿಗೂ ಆದರದ ಸ್ವಾಗತ, ಲೋಕೇಶ ನೀರು ಕುಡಿದಂಗೆ ಅಂದ, ಏನೂ ಆಗಲಿಲ್ಲ, ಆಕಾಶ ಬೀಳಲಿಲ್ಲ, ಅದೃಷ್ಟವಂತ, ಈಗ ನಮ್ ಮೇಡಮ್ಮೋರು ಒಸ ಐಕ್ಳನ್ನ ಮಾತಾಡಿಸ್ತಾರೆ, ಒಂದೊಂದ್ ಮಗೂನೂ ಮೈಕಲ್ಲಿ ಎಸ್ರು ಯೋಳಿ ಬುಕ್ಕು ತಕೊಳ್ಳದು — ಮೈಕು ಅವಳ ಕೈಗೆ ಬಂತು, ಬೆವರಿದ ಕೈಗೆ ತಣ್ಣಗೆ ಹತ್ತಿತು, ಎಲ್ಲರೂ ಅವಳನ್ನ ನೋಡುತ್ತಿಲ್ಲ, ಅವಳ ಹಿಂದಿನ ಕುರ್ಚಿಯನ್ನ ನೋಡುತ್ತಿದ್ದಾರೆ, ಪ್ರೀತಿಯ ಮಕ್ಕಳೇ ಅಂದಳು, ಅಷ್ಟಕ್ಕೆ ರಸ್ತೆಯಲ್ಲಿ ಹಾರನ್ನು.

ಹಳದಿ ವ್ಯಾನು ಗೇಟಿಗೆ ಅಡ್ಡ ನಿಂತಿದೆ, ಕಿಟಕಿಯಲ್ಲಿ ಕೊಪ್ಪಲಿನ ಎರಡು ಮಕ್ಕಳ ಮುಖ, ಅವರಿಗೂ ಟೈ, ಡ್ರೈವರು ಕತ್ತು ಹೊರಗೆ ಹಾಕಿ, ಮೇಡಂ, ಪಾಪು ಕಳ್ಸಿ, ಲೇಟಾಯ್ತದೆ. ಮಾದಮ್ಮನ ಸೌಟು ನಿಂತಿತು, ಲೋಕೇಶ ಅಂಗಿ ಸರಿ ಮಾಡಿಕೊಂಡ, ಬೈರಮ್ಮ ಯಾರನ್ನೂ ನೋಡದೆ ನೆಲ ನೋಡುತ್ತಿದೆ, ಚಿನ್ನು ಕುರ್ಚಿಯಿಂದ ಜಾರಿ ಇಳಿದು ಬ್ಯಾಗು ಏರಿಸಿಕೊಂಡಳು, ಹೇಳಿಕೊಟ್ಟ ಹಾಗೆ, ಜಾಣೆ, ಹತ್ತಿಸಿಬಿಡು, ಒಂದೇ ನಿಮಿಷದ ಅವಮಾನ, ಆಮೇಲೆ ಮಗಳು ಎಲ್ಲೋ ಇಂಗ್ಲಿಷು ಮಾತಾಡಿಕೊಂಡು ಇರುತ್ತಾಳೆ, ಯಾರೂ ಅಣಕಿಸುವುದಿಲ್ಲ, ಅಲ್ಲಿ ನಗುತ್ತಾರೆ, ಮುದ್ದಾಗಿ ನಗುತ್ತಾರೆ, ಅಕ್ಕಿ ಹಾರುತ್ತೇನೋ ಪುಟ್ಟಾ, ದಿನಾ ನಗುತ್ತಾರೆ, ಇಲ್ಲಿ ಬಿಟ್ಟರೆ ಓಗಿ ಓಗಿ, ಅಲ್ಲಿ ಬಿಟ್ಟರೆ ಹಮ್ಮ ಹಮ್ಮ, ಹೇಳು, ಏನಾದರೂ ಹೇಳು, ಇನ್ನೊಂದು ಹಾರನ್ನು — ಓಗಪ್ಪ, ನೀನ್ ಓಗು! ನಮ್ ಚಿನ್ನು ಇಲ್ಲೇ ಓದ್ತಾಳೆ! ಮೈಕು ಬಾಯಿ ಮುಂದೆಯೇ ಇತ್ತು. ಓಗಪ್ಪ ಅನ್ನುವುದು ಲೌಡ್‌ಸ್ಪೀಕರಿನ ಹೊಟ್ಟೆಯಿಂದ ಹೊರಟು ಕಬ್ಬಿನ ಗದ್ದೆ ದಾಟಿತು, ನಾಲೆ ಏರಿಗೆ ಬಡಿಯಿತು, ಅಷ್ಟು ವರ್ಷದ ತಿದ್ದುವಿಕೆಯೆಲ್ಲ ಒಂದು ಉಸಿರಿಗೆ ಮಣ್ಣುಪಾಲು, ಹುಡುಗರು ಸೀಟಿ ಹೊಡೆದರು, ಹೆಂಗಸರು ನಕ್ಕರು, ಅವಳ ಮಾತಿಗೆ ನಕ್ಕದ್ದಲ್ಲ, ಖುಷಿಗೆ, ಅಂಗನ್ನಿ ಮತ್ತೆ ಅಂತ ಬೈರಮ್ಮ ದಿಲೀಪನ ಕೈ ಬಿಟ್ಟು ಸೊಂಟದ ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿತು. ವ್ಯಾನು ಧೂಳೆಬ್ಬಿಸಿ ಹೋಯಿತು.

ಹೋಯಿತು, ಈಗ ಅವನಿಗೆ ಏನು ಹೇಳುತ್ತೀಯ, ಸಂಜೆ ಅವನು ಚೀಲ ಇಳಿಸಿ, ಎಂಗಿತ್ತು ಚಿನ್ನು ಕಾನ್ವೆಂಟು ಅಂತ ಕೇಳಿದಾಗ, ಏನು ಹೇಳುತ್ತೀಯ, ಮಗಳಿಗೋಸ್ಕರ ಮಾಡಿದೆ ಅಂತಲಾ, ಇಷ್ಟು ಜನದ ಮುಂದೆ ಮುಖ ಉಳಿಸಿಕೊಳ್ಳಲು ಮಾಡಿದೆ ಅಂತಲಾ, ಗೊತ್ತಿಲ್ಲ ಕಣ್ರೀ, ನಿಜವಾಗಲೂ ಗೊತ್ತಿಲ್ಲ, ಆದರೆ ಎದೆ ಹಗುರ ಇದೆ, ತಪ್ಪೋ ಸರಿಯೋ ಹಗುರ ಇದೆ, ಬೈದುಕೊಳ್ಳಿ, ನಾಲ್ಕು ದಿನ ಮಾತು ಬಿಡಿ, ಇಲ್ಲಿ ಯಾರೂ ಅವಳ ಬಾಯಿಗೆ ಕಾವಲು ಕೂರುವುದಿಲ್ಲ, ಅಷ್ಟು ಸಾಕು, ಬಾ ಚಿನ್ನು, ಟೈ ಕಿತ್ತು ಬ್ಯಾಗಿಗೆ ತುರುಕಿದಳು, ಚಾಪೆ ಮೇಲೆ ದಿಲೀಪನ ಪಕ್ಕ ಜಾಗ ಮಾಡಿದಳು, ಒಬ್ಬೊಬ್ಬರೇ ಎದ್ದು ಬಂದರು, ದಿಲೀಪ ತನ್ನ ಹೆಸರನ್ನ ಇಡೀ ಕೊಪ್ಪಲಿಗೆ ಕೇಳಿಸುವಂಗೆ ಕಿರುಚಿದ, ಎಲ್ಲರೂ ಓ ಅಂದರು, ಈಗ ನಮ್ ಮೇಡಮ್ಮೋರ್ ಮಗಳು, ಬಾರವ್ವ, ಎಸ್ರು ಯೋಳು, ಲೋಕೇಶ ಬಗ್ಗಿ ಮೈಕು ಹಿಡಿದ, ಮನೇಲಿ ಕರೆಯೋ ಎಸ್ರಲ್ಲ, ಇಸ್ಕೂಲ್ ಎಸ್ರು ಅಂದ, ಅರ್ಪಿತ ಅಲ್ವಾ ಅಂತ ಅವನೇ ಕೇಳಿಬಿಡಬಾರದಾ, ಕೇಳಲಿಲ್ಲ, ಮಗು ಅಮ್ಮನ ಕಡೆ ನೋಡಿತು, ಹೇಳು ಕಂದ, ನಿನಗೆ ಹೆಂಗೆ ಬರುತ್ತೋ ಹಂಗೆ ಹೇಳು, ಇಲ್ಲಿ ಏನೂ ಆಗಲ್ಲ — ಅಂಗೈ ಎದ್ದಿತು. ಬಾಯಿಗೂ ಮೈಕಿಗೂ ನಡುವೆ ನಿಂತಿತು. ತುಟಿ ಒಂದು ಸಲ ಸುಮ್ಮನೆ ಆಡಿತು, ಉಸಿರು ಅಷ್ಟೇ, ಸರಿಯೋ ತಪ್ಪೋ ಅಂತ ಅಂಗೈಯನ್ನ ಕೇಳಿತು, ಇನ್ನೊಂದು ಸಲ ಕೇಳಿತು, ಬೇಡ, ಬೇಡ ಚಿನ್ನು, ಅದು ನಿನ್ನ ಹೆಸರು — ನನ್ ಹೆಸರು ಹರ್ಪಿತ. ಯಾರೂ ನಗಲಿಲ್ಲ. ಯಾರಿಗೂ ಏನೂ ಕೇಳಿಸಲೇ ಇಲ್ಲ, ಚಪ್ಪಾಳೆ ತಟ್ಟಿದರು, ಬೈರಮ್ಮನೂ ತಟ್ಟಿತು, ಒಳ್ಳೇ ಎಸ್ರು ಕಣವ್ವ ಅಂತು, ಅವಳೊಬ್ಬಳಿಗೆ ಕೇಳಿಸಿತು, ವ್ಯಾನು ಹೋಯಿತು ಅಂತ ಹಗುರಾದವಳಿಗೆ, ವ್ಯಾನು ಏನು ಮಾಡಿತ್ತು, ಪಾಪ ವ್ಯಾನು, ಮಗುವಿನ ಮುಖದಲ್ಲಿ ಈಗ ಬೆಳಕು, ತಾಗ್ತು, ಹಮ್ಮ, ತಾಗ್ತು ಅಂತಾ ಇದೆ, ಅಂಗೈಯನ್ನ ಅವಳ ಕಡೆ ತಿರುಗಿಸಿ ತೋರಿಸುತ್ತಿದೆ, ಬೆವರಿದ ಪುಟ್ಟ ಅಂಗೈ, ಅವಳೇ ಹಿಡಿದು ಎತ್ತಿಸಿದ ಅಂಗೈ, ಏನಾದರೂ ಅನ್ನಬೇಕು, ಓ ಅನ್ನಬೇಕು, ಆ ಅಂಗೈ, ಅಂಗೈ —